ರಾಯಾದಲ್ಲಿ ಐ-ಲೀಗ್ ಮ್ಯಾಚು, ಮಧ್ಯೆ ನನ್ನ ಸ್ಕೂಟರಿನ ಮಿರರು | ಗೋವಾ ವ್ಲಾಗ್

ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಇದು ಹಳೆಯ ವಿಡಿಯೊ. 2025ರ ಶುರುವಿನಲ್ಲಿ, ಐ-ಲೀಗ್, ಅಂದರೆ ದೇಶದ ಎರಡನೇ ದರ್ಜೆಯ ಫುಟ್‌ಬಾಲ್ ಲೀಗ್, ನಡೆಯುತ್ತಿದ್ದಾಗ ಶೂಟ್ ಮಾಡಿದ್ದು. ಇಷ್ಟು ತಡ ಆಗಿದ್ದಕ್ಕೆ ಕಾರಣ ಥಂಬ್‌ನೇಲ್. ಏಪ್ರಿಲ್‌ನಲ್ಲಿ ಎಡಿಟ್ ಮುಗಿಸಿ, ಚಾಂಪಿಯನ್ ಯಾರು ಅಂತ ಗೊತ್ತಾದ ಮೇಲೆ ಆ ಹೆಸರು ದೊಡ್ಡದಾಗಿ ಬರೆದು ಹಾಕೋಣ ಅಂತ ಕೂತೆ. ಹೆಸರು ಬಂತು. ಬದಲಾಯಿತು. ಕೊನೆಗೆ ಸ್ವಿಟ್ಜರ್ಲೆಂಡಿನಿಂದ ಬಂತು, ಅದೂ ಜುಲೈನಲ್ಲಿ. ಆ ಕಥೆ ಮ್ಯಾಚ್ ಮುಗಿದ ಮೇಲೆ. ಈಗ ಗಾಡಿ ಹೊರಟಿದೆ.

ಇದು ವಾಸ್ಕೋದ ಮಾಂಗೋರ್ ಹಿಲ್, ನಮ್ಮ ಮನೆ ಇಲ್ಲೇ. ಹಿಂದೆ ಕೂತಿರುವವನು ನನ್ನ ಸೋದರಮಾವನ ಮಗ. ಗದಗದಿಂದ ಬಂದಿದ್ದ. ಗೋವಾ ಅಂದರೆ ಬೀಚು ಅಂದುಕೊಂಡು ಬಂದವನನ್ನು ನಾನು ಫುಟ್‌ಬಾಲ್ ನೋಡಲು ಎಳೆದುಕೊಂಡು ಹೊರಟೆ. ಸಿಟ್ಟು ಬಂದಿತ್ತು ಅವನಿಗೆ. ಮುಖ ತೋರಿಸಲ್ಲ ಅಂತ ಹಠ ಮಾಡಿ ಕ್ಯಾಮೆರಾ ತಾನೇ ಹಿಡಿದುಕೊಂಡ. ಅದಕ್ಕೇ ಅರ್ಧ ದಾರಿ ನಿಮಗೆ ನನ್ನ ಹೆಲ್ಮೆಟ್ಟಿನ ಹಿಂಭಾಗ ಮಾತ್ರ ಕಾಣುತ್ತದೆ. ದಾರಿಯಲ್ಲಿ ನಾನು ಬಹಳ ಚೆನ್ನಾಗಿ ಮಾತಾಡಿದ್ದೆ, ನಂಬಿ. ಮೈಕಿನಲ್ಲಿ ಬರೀ ಗಾಳಿ ಭರ್ರ್ ಅಂತಿದೆ. ಹಾಗಾಗಿ ಈಗ ಮನೆಯಲ್ಲಿ ಫ್ಯಾನ್ ಆಫ್ ಮಾಡಿಕೊಂಡು, ಬೆವರು ಸುರಿಸಿಕೊಂಡು ವಾಯ್ಸ್‌ಓವರ್ ಕೊಡುತ್ತಿದ್ದೇನೆ.

ಚಿಕಲಿಂ ದಾಟಿತು. ಇದು ದಾಬೋಳಿಂ ಏರ್‌ಪೋರ್ಟ್. ಇದು ಝುವಾರಿನಗರ. ಇಲ್ಲಿ ಸಂಜೆ ತರಕಾರಿ ತಗೊಳ್ಳಲು ಬಂದರೆ ಕನ್ನಡದಲ್ಲೇ ಚೌಕಾಸಿ ಮಾಡಬಹುದು. ಜೋಳದ ರೊಟ್ಟಿ ಬೇಕಾ, ಸಿಗುತ್ತದೆ. ಶೇಂಗಾ ಚಟ್ನಿಪುಡಿ ಬೇಕಾ, ಅದೂ ಸಿಗುತ್ತದೆ. ಗದಗದವನು ಇದನ್ನೆಲ್ಲ ನೋಡಿ, “ಅಣ್ಣಾ, ನಾ ಇಷ್ಟ್ ದೂರ ಬಂದದ್ದು ಮತ್ತ ರೊಟ್ಟಿ ನೋಡಾಕೇನು?” ಅಂದ. ಅವನ ಮಾತಿನಲ್ಲೂ ಅರ್ಥ ಇದೆ. ಆದರೂ ಬೀಚಿಗೆ ಹೋಗಲಿಲ್ಲ.

ವೇರ್ಣಾ ಹತ್ತಿರ ಅವನು ಕೇಳಿದ ಇನ್ನೊಂದು ಪ್ರಶ್ನೆ ಕೇಳಿ. “ಎರಡನೇ ದರ್ಜೆ ಲೀಗ್ ಅಂದ್ರ ಸೋತವ್ರ ಲೀಗೇನಣ್ಣಾ?” ಗಾಡಿ ಓಡಿಸುತ್ತಾ ಇದಕ್ಕೆ ಉತ್ತರ ಕೊಡುವುದು ಕಷ್ಟ. ಈಗ ಕೊಡುತ್ತೇನೆ.

ಐ-ಲೀಗ್ ಶುರುವಾಗಿದ್ದು 2007ರಲ್ಲಿ. ಅದಕ್ಕೂ ಮೊದಲು ನ್ಯಾಷನಲ್ ಫುಟ್‌ಬಾಲ್ ಲೀಗ್ ಅಂತ ಇತ್ತು, 1996ರಿಂದ. ಅದರ ಜಾಗಕ್ಕೆ ಐ-ಲೀಗ್ ಬಂತು. ಆಗ ದೇಶದ ಒಂದನೇ ಲೀಗ್ ಇದೇ. 2014ರಲ್ಲಿ ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್ ಬಂತು. ಸಿನಿಮಾದವರು, ಕ್ರಿಕೆಟಿಗರು, ಟಿವಿ, ಲೈಟು, ದುಡ್ಡು. ಸ್ವಲ್ಪ ವರ್ಷ ಎರಡೂ ಅಕ್ಕಪಕ್ಕ ನಡೆದವು. ಆಮೇಲೆ 2019-20ರ ಸೀಸನ್ನಿನಿಂದ ಐಎಸ್‌ಎಲ್ ಒಂದನೇ ಲೀಗ್, ಐ-ಲೀಗ್ ಅದರ ಕೆಳಗೆ ಅಂತಾಯಿತು. ಅಂದರೆ ಈ ಲೀಗ್ ಆಡಿ ಸೋತು ಕೆಳಗೆ ಬಂದಿದ್ದಲ್ಲ. ಮೀಟಿಂಗ್ ರೂಮಿನಲ್ಲಿ ಕೂತು ಕೆಳಗಿಳಿಸಿದ್ದು. ಹುಡುಗನಿಗೆ ನಾನು ಹೇಳಿದ್ದು ಹೀಗೆ: ಹಿರಿ ಸೊಸೆ ಹತ್ತು ವರ್ಷ ಮನೆ ನಡೆಸಿದ್ದಾಳೆ, ಶ್ರೀಮಂತರ ಮನೆಯಿಂದ ಕಿರಿ ಸೊಸೆ ಬಂದಳು, ಬೀಗದ ಕೈ ಅವಳ ಸೊಂಟಕ್ಕೆ ಹೋಯಿತು. ಅವನಿಗೆ ತಕ್ಷಣ ತಿಳಿಯಿತು. ಯಾರ ಮನೆಯ ಕಥೆ ನೆನಪಾಯಿತೋ, ನಾನು ಕೇಳಲಿಲ್ಲ.

2022-23ರಿಂದ ಒಂದು ಒಳ್ಳೆಯದಾಯಿತು. ಐ-ಲೀಗ್ ಗೆದ್ದವರು ಐಎಸ್‌ಎಲ್‌ಗೆ ಹೋಗಬಹುದು, ಫ್ರಾಂಚೈಸಿ ಫೀ ಕಟ್ಟಬೇಕಾಗಿಲ್ಲ. ಮೊದಲು ಪಂಜಾಬ್ ಹೋಯಿತು, ಮರುವರ್ಷ ಕೋಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್. ಸರಿ, ಆ ವರ್ಷಗಳಲ್ಲಿ ಮೇಲಿಂದ ಯಾರಾದರೂ ಕೆಳಗೆ ಬಂದರಾ? ಇಲ್ಲ. ಮೊಹಮ್ಮಡನ್ ಮೇಲೆ ಹೋದ ವರ್ಷವೇ ಕೊನೆಯ ಸ್ಥಾನ, ಆದರೂ ಇಳಿಸಲಿಲ್ಲ. ನನಗೆ ಇದು ಸರಿ ಅನಿಸಲ್ಲ. ಸೋತವರು ಇಳಿಯಬೇಕು, ಅಷ್ಟೇ. ಇಲ್ಲದಿದ್ದರೆ ಮಾರ್ಚ್ ತಿಂಗಳಲ್ಲಿ ಕೊನೆಯ ಸ್ಥಾನದ ಮ್ಯಾಚನ್ನು ಯಾರು ನೋಡುತ್ತಾರೆ?

ರಾಯಾ ಬಂತು. ಮಡಗಾಂವ್ ಹತ್ತಿರದ ಹಳ್ಳಿ ಇದು. ಗೋವಾದ ಐ-ಲೀಗ್ ತಂಡ ಚರ್ಚಿಲ್ ಬ್ರದರ್ಸ್ ಈ ಸೀಸನ್ನಿನಲ್ಲಿ ಇಲ್ಲಿ ಆಡುತ್ತಿದ್ದರು. ಫಾತೋರ್ಡಾದ ದೊಡ್ಡ ಸ್ಟೇಡಿಯಂ ಇಲ್ಲಿಂದ ಬಹಳ ದೂರ ಏನಿಲ್ಲ. ಅಲ್ಲಿ ಸುಮಾರು 19,000 ಜನ ಕೂರಬಹುದು, ಐಎಸ್‌ಎಲ್‌ನ ಎಫ್‌ಸಿ ಗೋವಾ ಅಲ್ಲೇ ಆಡುವುದು. ಇಲ್ಲಿ ನೋಡಿ, ಆಟಗಾರ ಕೆಮ್ಮಿದರೂ ನಮಗೆ ಕೇಳುತ್ತದೆ. ಕೋಚ್ ಬೈಯುವುದು ಮೂರು ಭಾಷೆಯಲ್ಲಿ ಕೇಳಿಸಿತು, ಎಲ್ಲ ಬೀಪ್ ಹಾಕಿದ್ದೇನೆ. ನನಗೆ ಇಂಥ ಗ್ರೌಂಡೇ ಇಷ್ಟ. ದೊಡ್ಡ ಸ್ಟೇಡಿಯಂ ಎಲ್ಲ ಸುಮ್ನೆ.

ಬಿಸಿಲು ಮಾತ್ರ ಕೇಳಬೇಡಿ. ಈ ಶಾಟ್ ಪೂರ್ತಿ ಬೆಳ್ಳಗಾಗಿದೆ ಅಲ್ವಾ? ಸೂರ್ಯ ನೇರ ಎದುರಿಗೆ. ಚೆಂಡು ಮೇಲೆ ಹೋದರೆ ಕಾಣಲ್ಲ, ಕೆಳಗೆ ಬಿದ್ದ ಮೇಲೆ ಗೊತ್ತಾಗುತ್ತದೆ. ಪಕ್ಕದಲ್ಲಿದ್ದ ಅಜ್ಜ ಒಬ್ಬರು ಪೇಪರನ್ನು ಟೋಪಿ ಮಾಡಿಕೊಂಡು ಕೂತಿದ್ದರು. ನಮ್ಮ ಹುಡುಗ ಟವೆಲ್ ಹೊದ್ದುಕೊಂಡ. ಇಲ್ಲಿ ಕೂತು ಹತ್ತು ನಿಮಿಷಕ್ಕೇ ನನಗೆ ಫಾತೋರ್ಡಾ ನೆನಪಾಯಿತು. ರಾತ್ರಿ ಮ್ಯಾಚು, ಲೈಟು, ತಣ್ಣನೆ ಗಾಳಿ, ಒಳ್ಳೆ ಟಾಯ್ಲೆಟ್ಟು. ಈಗಷ್ಟೇ ಸುಮ್ನೆ ಅಂದೆನಲ್ಲ, ಅದನ್ನು ವಾಪಸ್ ತಗೊಂಡೆ. ದೊಡ್ಡ ಸ್ಟೇಡಿಯಂ ಬೇಕು.

ಮೊದಲ ಹಾಫ್ ಇದು. ಆಟ ನೀವೇ ನೋಡಿ, ಸ್ಕೋರ್ ಮೂಲೆಯಲ್ಲಿ ಹಾಕಿದ್ದೇನೆ.

ಈಗ ಹಾಫ್‌ಟೈಮ್. ರೋಸ್ ಆಮ್ಲೆಟ್ ಹುಡುಕಿಕೊಂಡು ಹೊರಗೆ ಬಂದೆವು. ಆಮ್ಲೆಟ್ ಮೇಲೆ ಕೋಳಿಯ ಶಾಕುತಿ ಗ್ರೇವಿ ಸುರಿದು, ಈರುಳ್ಳಿ ಹಾಕಿ, ಪಾವ್ ಜೊತೆ ಕೊಡುತ್ತಾರೆ. ತಿನ್ನುವ ಶಾಟ್ ಇರಬೇಕಿತ್ತು. ಇಲ್ಲ. ಯಾಕೆ ಅಂದರೆ ಅಷ್ಟರಲ್ಲಿ ಇದಾಯಿತು. ಸದ್ದು ಕೇಳಿ. ಟಣ್. ಆಮೇಲೆ ಛಳ್. ಮತ್ತೊಂದು ಸಲ ಹಾಕುತ್ತೇನೆ. ಟಣ್, ಛಳ್. ಅದು ನನ್ನ ಸ್ಕೂಟರು.

ಹೊರಗೆ ನಾಲ್ಕೈದು ಹುಡುಗರು ಫುಟ್‌ಬಾಲ್ ಆಡುತ್ತಿದ್ದರು. ಒಳಗೆ ದೇಶದ ಲೀಗ್ ನಡೆಯುತ್ತಿದೆ, ಇವರು ಹೊರಗೆ ತಮ್ಮದೇ ಲೀಗ್ ಮಾಡಿಕೊಂಡಿದ್ದಾರೆ. ಎರಡು ಗಾಡಿಗಳ ಮಧ್ಯೆ ಗೋಲು. ಅದರಲ್ಲಿ ಒಂದು ಗಾಡಿ ನನ್ನದು. ಗೋಲ್‌ಪೋಸ್ಟ್ ಮಾಡಿಕೊಳ್ಳಲು ನನ್ನನ್ನು ಯಾರೂ ಕೇಳಿರಲಿಲ್ಲ. ಬಲಗಡೆಯ ಮಿರರ್ ಹೋಯಿತು. ಕಡ್ಡಿ ಹಾಗೇ ನೆಟ್ಟಗೆ ನಿಂತಿದೆ, ಮೇಲಿನ ಗಾಜು ಪೂರಾ ನೆಲದ ಮೇಲೆ.

ಹುಡುಗರು ಕೊಂಕಣಿಯಲ್ಲಿ ಒಬ್ಬರ ಮೇಲೊಬ್ಬರು ಹೇಳುತ್ತಿದ್ದರು. ನಾನು ಬೈಯಬೇಕು, ಯಾವ ಭಾಷೆಯಲ್ಲಿ ಶುರು ಮಾಡಲಿ ಅಂತ ಯೋಚಿಸುತ್ತಿದ್ದೆ. ಅಷ್ಟರಲ್ಲಿ ನಮ್ಮ ಹುಡುಗ ಹಿಂದಿನಿಂದ, “ಅಯ್ಯಯ್ಯೋ ಅಣ್ಣಾ, ಕನ್ನಡಿ ಒಡದ್ಬಿಟ್ರಲ್ಲೋ!” ಅಂತ ಕೂಗಿದ. ಅವರಲ್ಲಿ ಎಲ್ಲರಿಗಿಂತ ಸಣ್ಣವನು ತಟ್ಟನೆ ನಮ್ಮ ಕಡೆ ತಿರುಗಿದ. “ಅಣ್ಣಾ, ನಾ ಒದ್ದಿಲ್ರೀ. ಆಂವ ಒದ್ದಾನ.”

ಏನು ಮಾಡುತ್ತೀರಿ?

ಅಪ್ಪ ಬಾದಾಮಿ ಕಡೆಯವರಂತೆ, ಇಲ್ಲೇ ಕಟ್ಟಡ ಕೆಲಸ. ಇವನು ಹುಟ್ಟಿದ್ದು ಇಲ್ಲೇ. ದೋಸ್ತರ ಜೊತೆ ಕೊಂಕಣಿ, ಮನೆಯಲ್ಲಿ ಕನ್ನಡ, ಸಿಕ್ಕಿಬಿದ್ದಾಗಲೂ ಕನ್ನಡ. ಮ್ಯಾಚ್ ನೋಡಲ್ವೇನೋ ತಮ್ಮಾ ಅಂದೆ. “ನೋಡಿದ್ವಿ. ಬ್ಯಾಸರಾತು. ಆಡಾಕ ಬಂದ್ವಿ,” ಅಂದ. ಚರ್ಚಿಲ್ ಗೆಲ್ಲುತ್ತಾ ಅಂದರೆ, “ಗೆಲ್ತದ ಬಿಡ್ರಿ,” ಅಂತ ಹೇಳಿ ಚೆಂಡು ಎತ್ತಿಕೊಂಡು ಓಡಿಹೋದ. ಅವನ ಮುಖ ಬ್ಲರ್ ಮಾಡಿದ್ದೇನೆ. ಮಿರರಿನ ದುಡ್ಡು ಕೇಳಲಿಲ್ಲ. ಕೇಳುವುದು ಹೇಗೆ?

ಈಗ ಮಿರರಿನ ವಿಷಯ. ಇದನ್ನು ಹೇಳದೆ ನನಗೆ ಸಮಾಧಾನ ಇಲ್ಲ, ಬೇಕಾದರೆ ಮುಂದೆ ಓಡಿಸಿಕೊಳ್ಳಿ. ಮಾರನೇ ದಿನ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ. ಬಲಗಡೆಯ ಮಿರರ್ ಕೊಡಿ ಅಂದೆ. ಸೆಟ್ ಮಾತ್ರ ಅಂದರು. 350 ರೂಪಾಯಿ. ನನಗೆ ಒಂದೇ ಸಾಕು ಅಂದೆ. “ಹಾಗಾದರೆ ಎಡಗಡೆಯದನ್ನು ನಾನು ಯಾರಿಗೆ ಮಾರಲಿ?” ಅಂದರು. ಎಡಗಡೆಯದು ಒಡೆದವರಿಗೆ ಮಾರಿ ಅಂದೆ. ಅದಕ್ಕೆ ಅವರು ಏನಂದರು ಗೊತ್ತಾ? ಎದುರಿನಿಂದ ಬರುವ ಗಾಡಿ ತಾಗುವುದು ಬಲಕ್ಕೆ, ಈ ಸಣ್ಣ ರಸ್ತೆಗಳಲ್ಲಿ ಬಲಗಡೆಯದೇ ಜಾಸ್ತಿ ಹೋಗುವುದು, ಎಡಗಡೆಯದು ಕೇಳಿಕೊಂಡು ಬರುವವರೇ ಇಲ್ಲ ಅಂದರು. ಲೆಕ್ಕ ಸರಿಯಾಗಿಯೇ ಇದೆ. ಅದೇ ನನಗೆ ಇನ್ನೂ ಸಿಟ್ಟು. ತಪ್ಪು ಲೆಕ್ಕ ಹೇಳಿದ್ದರೆ ಜಗಳ ಮಾಡಬಹುದಿತ್ತು.

ಇನ್ನೊಂದು ಕಡೆ ಕೇಳಿದೆ. ಅಲ್ಲಿ ಒಂದೇ ಕೊಡುತ್ತಾರಂತೆ, ಆದರೆ ಆರ್ಡರ್ ಹಾಕಬೇಕು, ವಾರ ಆಗುತ್ತದೆ. ವಾರ ಮಿರರ್ ಇಲ್ಲದೆ ಓಡಿಸಿದರೆ ಪೊಲೀಸರಿಗೆ ಕಟ್ಟುವುದೇ ಅದಕ್ಕಿಂತ ಜಾಸ್ತಿ. ವಾಪಸ್ ಮೊದಲ ಅಂಗಡಿಗೇ ಬಂದೆ. ಅವರು ಮಾತಾಡಲಿಲ್ಲ, ನಕ್ಕರು. ಸೆಟ್ ತಗೊಂಡೆ. ಮನೆಗೆ ಬಂದು ನೋಡಿದರೆ ಆಕಾರ ಬೇರೆ. ಹಳೆಯದು ಚೌಕ, ಹೊಸದು ಉದ್ದುದ್ದ. ಒಂದು ಬದಿ ಹೀಗೆ, ಒಂದು ಬದಿ ಹಾಗೆ ಇದ್ದರೆ ಚೆನ್ನಾಗಿರಲ್ಲ ಅಂತ ಎರಡೂ ಬದಲಿಸಿದೆ. ಫಿಟ್ಟಿಂಗ್ 50 ರೂಪಾಯಿ. ಒಡೆಯದೇ ಇದ್ದ ಎಡಗಡೆಯ ಮಿರರಿನಲ್ಲಿ ಈಗ ನಮ್ಮಪ್ಪ ಗಡ್ಡ ಮಾಡಿಕೊಳ್ಳುತ್ತಾರೆ. ಐಎಸ್‌ಎಲ್ ಟಿಕೆಟ್ಟಿಗೂ ನನಗೆ ಅಷ್ಟು ಖರ್ಚಾಗಿಲ್ಲ, ಎರಡನೇ ದರ್ಜೆಯ ಲೀಗಿಗೆ 400 ಹೋಯಿತು.

ಅಯ್ಯೋ, ಎರಡನೇ ಹಾಫ್ ಶುರುವಾಗಿ ಎಷ್ಟೋ ಹೊತ್ತಾಯಿತು, ನಾನು ಇನ್ನೂ ಮಿರರಲ್ಲೇ ಇದ್ದೇನೆ. ಇದು ಕಾರ್ನರ್. ಇದು ಹೋಯಿತು. ಇದು ಗೋಲ್‌ಕೀಪರ್ ಸಮಯ ಹಾಳು ಮಾಡುತ್ತಿರುವುದು. ನೆಲದ ಮೇಲೆ ಮಲಗಿದ್ದಾನೆ, ಏನೂ ಆಗಿಲ್ಲ.

ಪಕ್ಕದ ಪೇಪರ್ ಟೋಪಿ ಅಜ್ಜ ಈಗ ಮಾತಿಗೆ ಬಂದರು. ಅವರು ಗೋವಾದ ಇನ್ನೊಂದು ತಂಡ ಡೆಂಪೋ ಕಡೆಯವರಂತೆ, ಚರ್ಚಿಲ್ ಮ್ಯಾಚಿಗೆ ಬಂದಿರುವುದು ಚರ್ಚಿಲ್ ಸೋಲುವುದನ್ನು ನೋಡಲು. ಅವರ ಜೊತೆ ಕೂತು ಹಳೆಯದೆಲ್ಲ ಮಾತಾಡಿದೆವು. ಐ-ಲೀಗಿನ ಮೊದಲ ಆರು ಸೀಸನ್ ಗೆದ್ದಿದ್ದು ಗೋವಾದ ತಂಡಗಳೇ, ನಿಮಗೆ ಗೊತ್ತಾ? ಒಂದೂ ಹೊರಗೆ ಬಿಡಲಿಲ್ಲ. ಡೆಂಪೋ ಮೂರು, ಚರ್ಚಿಲ್ ಎರಡು, ಸಾಳಗಾಂವ್ಕರ್ ಒಂದು. ಅದಕ್ಕೂ ಹಿಂದೆ ನ್ಯಾಷನಲ್ ಲೀಗಿನ ಎರಡು ಸೇರಿಸಿದರೆ ಡೆಂಪೋಗೆ ಒಟ್ಟು ಐದು. ಐದಕ್ಕೂ ಕೋಚ್ ಒಬ್ಬರೇ, ಅರ್ಮಾಂಡೋ ಕೊಲಾಸೊ. ಚರ್ಚಿಲ್‌ನಲ್ಲಿ ನೈಜೀರಿಯಾದ ಸ್ಟ್ರೈಕರ್ ಒಡಾಫಾ ಇದ್ದ ಕಾಲ ಅಂತೂ ಅಜ್ಜನಿಗೆ ಈಗಲೂ ಹೊಟ್ಟೆ ಉರಿ. ಒಂದು ಸೀಸನ್ನಿಗೆ 22, ಮುಂದಿನದಕ್ಕೆ 26 ಗೋಲು.

ಇದನ್ನು ಮುರಿದದ್ದು ಯಾರು ಹೇಳಿ. ಬೆಂಗಳೂರು! 2013-14ರಲ್ಲಿ ಬೆಂಗಳೂರು ಎಫ್‌ಸಿ ಹೊಸದಾಗಿ ಬಂದು, ಆಡಿದ ಮೊದಲ ವರ್ಷವೇ ಗೆದ್ದಿತು. ಅದರಲ್ಲಿದ್ದ ಸುನಿಲ್ ಛೆಟ್ರಿ ಹಿಂದಿನ ವರ್ಷ ಚರ್ಚಿಲ್ ಪರ ಆಡಿ ಕಪ್ ಗೆದ್ದವರು. ಇದನ್ನು ನಾನು ಹೇಳಿದ ಮೇಲೆ ಅಜ್ಜ ಸ್ವಲ್ಪ ಹೊತ್ತು ಮಾತು ಬಿಟ್ಟರು.

ಆಮೇಲೆ 2016. ಐಎಸ್‌ಎಲ್ ಮೇಲೆ, ಐ-ಲೀಗ್ ಕೆಳಗೆ ಅನ್ನುವ ಪ್ಲಾನ್ ಬಂತಲ್ಲ, ಅದನ್ನು ಒಪ್ಪದೆ ಡೆಂಪೋ, ಸಾಳಗಾಂವ್ಕರ್, ಸ್ಪೋರ್ಟಿಂಗ್ ಕ್ಲಬ್ ದೆ ಗೋವಾ, ಮೂರೂ ಲೀಗ್ ಬಿಟ್ಟು ಹೊರಬಂದವು. ಸ್ವಾಭಿಮಾನ ಅಂತ ಆಗ ನಾನೂ ಚಪ್ಪಾಳೆ ಹೊಡೆದಿದ್ದೆ. ಈಗ ಯೋಚಿಸಿದರೆ ಬೇರೆ ಅನಿಸುತ್ತದೆ. ಎಫ್‌ಸಿ ಗೋವಾ ಶುರುವಾದಾಗ ಮಾಲೀಕರಲ್ಲಿ ಡೆಂಪೋ ಮನೆಯವರೂ ಇದ್ದರು, ಸಾಳಗಾಂವ್ಕರ್ ಮನೆಯವರೂ ಇದ್ದರು. ಆ ಕಡೆಯೂ ಒಂದು ಕಾಲು, ಈ ಕಡೆಯೂ ಒಂದು ಕಾಲು. ನಷ್ಟ ಆಗಿದ್ದು ಯಾರಿಗೆ? ಗೋವಾದ ಲೋಕಲ್ ಹುಡುಗರಿಗೆ. ದೇಶದ ಲೀಗಿನಲ್ಲಿ ಆಡಲು ಮೂರು ಬಾಗಿಲು ಒಂದೇ ಸಲ ಮುಚ್ಚಿದವು.

ಲಾಭ ಆಗಿದ್ದು ಮಿಜೋರಾಂನವರಿಗೆ. ಐಜಾಲ್ ಎಫ್‌ಸಿ ಆ ವರ್ಷ ಲೀಗಿನಿಂದ ಕೆಳಗಿಳಿದಿತ್ತು. ಗೋವಾದವರು ಜಾಗ ಖಾಲಿ ಮಾಡಿದ್ದರಿಂದ ವಾಪಸ್ ಕರೆದರು. ಬಂದವರು ಸುಮ್ಮನೆ ಕೂರಲಿಲ್ಲ, ಮುಂದಿನ ಸೀಸನ್ನಿನಲ್ಲಿ ಚಾಂಪಿಯನ್ನೇ ಆಗಿಬಿಟ್ಟರು. ಅವರ ಕೋಚ್ ಖಾಲಿದ್ ಜಮೀಲ್, 2025ರ ಆಗಸ್ಟ್‌ನಲ್ಲಿ ಭಾರತ ತಂಡದ ಕೋಚ್ ಆದರು. ಇಂಥದ್ದೆಲ್ಲ ನಡೆಯುವುದು ಈ ಲೀಗಿನಲ್ಲೇ. ಮೇಲಿನದರಲ್ಲಿ ಆಗ ಕೆಳಗಿಳಿಯುವುದೇ ಇರಲಿಲ್ಲವಲ್ಲ, ವಾಪಸ್ ಬಂದು ಗೆಲ್ಲುವುದು ಎಲ್ಲಿಂದ?

ಮ್ಯಾಚ್ ಮುಗಿಯಿತು. ಜನ ಎದ್ದರು. ಇಲ್ಲಿ ಕ್ಯಾಮೆರಾ ಅಲ್ಲಾಡಿದ್ದು ನಮ್ಮ ಹುಡುಗ ಚಪ್ಪಲಿ ಹುಡುಕುತ್ತಿದ್ದರಿಂದ.

ಸರಿ, ಆ ಥಂಬ್‌ನೇಲ್ ಕಥೆ. ವಾಪಸ್ ದಾರಿ ಓಡುತ್ತಿರಲಿ, ಮಡಗಾಂವ್ ಟ್ರಾಫಿಕ್ಕಿನಲ್ಲಿ ನೋಡಲು ಏನೂ ಇಲ್ಲ. 2024-25ರಲ್ಲಿ 12 ತಂಡ, ಒಬ್ಬೊಬ್ಬರಿಗೆ 22 ಮ್ಯಾಚು. ಏಪ್ರಿಲ್ 6ಕ್ಕೆ ಕೊನೆಯ ದಿನ. ಎಲ್ಲ ಮುಗಿದಾಗ ಚರ್ಚಿಲ್ 40 ಪಾಯಿಂಟ್, ವಾರಾಣಸಿಯ ಇಂಟರ್ ಕಾಶಿ 39. ಕೇರಳದ ಗೋಕುಲಂ ಕೂಡ ರೇಸಿನಲ್ಲಿತ್ತು, ಅವರನ್ನು ಅವರದೇ ಕೋಳಿಕ್ಕೋಡಿನಲ್ಲಿ 4-3ರಿಂದ ಸೋಲಿಸಿದ್ದು ಯಾರು? ಡೆಂಪೋ. ಪೇಪರ್ ಟೋಪಿ ಅಜ್ಜನಿಗೆ ಅಂದು ರಾತ್ರಿ ನಿದ್ದೆ ಬಂದಿರಲಿಕ್ಕಿಲ್ಲ. ಅವರ ತಂಡ ಗೆದ್ದು ಚರ್ಚಿಲ್‌ಗೆ ದಾರಿ ಮಾಡಿಕೊಟ್ಟಿತು.

ಆದರೆ ಚಾಂಪಿಯನ್ ಅಂತ ಅಂದು ಘೋಷಿಸಲಿಲ್ಲ. ಯಾಕೆಂದರೆ ಜನವರಿಯ ಒಂದು ಮ್ಯಾಚು ಇನ್ನೂ ಕಾಗದದಲ್ಲಿ ನಡೆಯುತ್ತಿತ್ತು. ಪಂಜಾಬಿನ ನಾಮ್‌ಧಾರಿ ತಂಡ ಇಂಟರ್ ಕಾಶಿಯನ್ನು 2-0ರಿಂದ ಸೋಲಿಸಿತ್ತು. ಆದರೆ ಅವರು ಆಡಿಸಿದ ಒಬ್ಬ ಆಟಗಾರನಿಗೆ ಹಳದಿ ಕಾರ್ಡುಗಳಿಂದ ಆ ದಿನ ನಿಷೇಧ ಇತ್ತು ಅಂತ ಕಾಶಿಯವರು ದೂರು ಕೊಟ್ಟರು. ದೇಶದ ಫುಟ್‌ಬಾಲ್ ನಡೆಸುವ ಒಕ್ಕೂಟ ಎಐಎಫ್‌ಎಫ್‌ನ ಶಿಸ್ತು ಸಮಿತಿ, ಕಾಶಿಗೆ ಮೂರು ಪಾಯಿಂಟ್ ಕೊಡಿ ಅಂದಿತು. ಅದೇ ಎಐಎಫ್‌ಎಫ್‌ನ ಮೇಲ್ಮನವಿ ಸಮಿತಿ, ಕೊಡಬೇಡಿ ಅಂದಿತು. ಹಾಗಾಗಿ ಏಪ್ರಿಲ್‌ನಲ್ಲಿ ಚರ್ಚಿಲ್ ಚಾಂಪಿಯನ್. ನಾನು ಥಂಬ್‌ನೇಲ್ ಬರೆದೆ. ಟ್ರೋಫಿಯನ್ನೂ ಅವರ ಕೈಗೆ ಕೊಟ್ಟರು. ಇಂಟರ್ ಕಾಶಿಯವರು ಬಿಡಲಿಲ್ಲ, ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿರುವ ಕ್ರೀಡಾ ನ್ಯಾಯಾಲಯಕ್ಕೆ ಹೋದರು. ಅದರ ಜೊತೆ ಇನ್ನೊಂದು ಕೇಸು ಬೇರೆ, ಕಾಶಿಯವರ ಒಬ್ಬ ಸ್ಪೇನ್ ಆಟಗಾರನ ನೋಂದಣಿ ಸರಿ ಇಲ್ಲ ಅಂತ ಉಳಿದವರ ದೂರು. ಎರಡರಲ್ಲೂ ಕಾಶಿಯವರೇ ಗೆದ್ದರು. ಜುಲೈ 18ಕ್ಕೆ ತೀರ್ಪು, 39ಕ್ಕೆ ಮೂರು ಸೇರಿ 42, ಚಾಂಪಿಯನ್ ಇಂಟರ್ ಕಾಶಿ.

ನನ್ನ ಅಭಿಪ್ರಾಯ ಹೇಳಲಾ? ಗೋವಾದವನಾಗಿ ನನಗೆ ಹೊಟ್ಟೆ ಉರಿಯಿತು. ಆದರೆ ನಿಯಮ ನೋಡಿದರೆ ಕಾಶಿಯವರದ್ದೇ ಸರಿ. ಆಡಬಾರದವನನ್ನು ಆಡಿಸಿದರೆ ಮ್ಯಾಚ್ ಹೋಗಬೇಕು, ಗಲ್ಲಿ ಕ್ರಿಕೆಟ್ಟಿನಲ್ಲೂ ಅಷ್ಟೇ. ನನ್ನ ಸಿಟ್ಟು ಬೇರೆ ಕಡೆ. ಜನವರಿಯ ಮ್ಯಾಚಿಗೆ ಜುಲೈವರೆಗೆ ಯಾಕೆ ಬೇಕು? ಇದೇ ಮೇಲಿನ ಲೀಗ್ ಆಗಿದ್ದರೆ ಇಷ್ಟು ದಿನ ಬಿಡುತ್ತಿದ್ದರಾ? ಚರ್ಚಿಲ್ ಆಟಗಾರರು ಕಪ್ ಹಿಡಿದು ಫೋಟೊ ತೆಗೆಸಿಕೊಂಡಿದ್ದಾರೆ. ಆ ಫೋಟೊಗಳನ್ನು ಈಗ ಏನು ಮಾಡಬೇಕು? ಕಾಶಿಯವರಿಗಂತೂ ಗೆದ್ದ ದಿನ ಗ್ರೌಂಡಿನಲ್ಲಿ ಕುಣಿಯುವ ಅವಕಾಶವೇ ಸಿಗಲಿಲ್ಲ. ಇಮೇಲ್ ನೋಡಿ ಕುಣಿದಿರಬೇಕು.

ನುವೆಂ ದಾಟಿತು, ಬ್ಯಾಟರಿ ಕೆಂಪಾಗಿದೆ. ಹುಡುಗ ಕೊನೆಗೆ ಕೇಳಿದ್ದು, “ಅಣ್ಣಾ, ಈ ಲೀಗಿನ್ಯಾಗ ನಮ್ಮವ್ರು ಯಾರೂ ಇಲ್ಲೇನು?” ಆ ಸೀಸನ್ನಿನಲ್ಲಿ ಇದ್ದರು. ಎಸ್‌ಸಿ ಬೆಂಗಳೂರು. ಹಿಂದಿನ ವರ್ಷ ಇದರ ಕೆಳಗಿನ ಲೀಗ್ ಆದ ಐ-ಲೀಗ್ 2 ಗೆದ್ದು ಮೇಲೆ ಬಂದವರು, ಅವರ ಹಿಂದೆಯೇ ಎರಡನೇ ಸ್ಥಾನದಲ್ಲಿದ್ದ ಡೆಂಪೋ ಕೂಡ ವಾಪಸ್ ಬಂತು. ಒಂದೇ ವರ್ಷ. ಡೆಲ್ಲಿ ಎಫ್‌ಸಿ ಜೊತೆ ಬೆಂಗಳೂರಿನವರೂ ಮತ್ತೆ ಕೆಳಗೆ. ನೋಡಿ, ಇಲ್ಲಿ ಮಾತ್ರ ಸೋತವರನ್ನು ಸರಿಯಾಗಿ ಇಳಿಸಿದರು. ಇದನ್ನು ಅವನಿಗೆ ಆವತ್ತು ಹೇಳಲು ಆಗಿರಲಿಲ್ಲ, ಸೀಸನ್ ಮುಗಿದಿರಲಿಲ್ಲ. ಆಮೇಲೆ ಫೋನಿನಲ್ಲಿ ಹೇಳಿದೆ. “ಬೀಚ್ ತೋರಸ್ಲಿಲ್ಲ ನೀ,” ಅಂದ.

ಮುಂದಿನ ವಿಡಿಯೊ ವಾಸ್ಕೋದ ತಿಲಕ್ ಮೈದಾನದಿಂದ, ಮನೆಯಿಂದ ನಡೆದುಕೊಂಡೇ ಹೋಗುತ್ತೇನೆ. ಪೆಟ್ರೋಲ್ ಬಂಕ್ ಬಂತು, ಇಲ್ಲಿ ಕ್ಯಾಮೆರಾ ಆಫ್ ಮಾಡಬೇಕು.